ಎದುರಿಗೆ ಕೂತು ಕಲಿತದ್ದು

ಆ ಊರಿನ ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ, ಅಲ್ಲಿ ಬೇರೆ ಯಾವುದೋ ಊರು ಸಿಗುತ್ತದೆ, ಆಮೇಲೆ ನನ್ನ ಮೇಲೆ ಸಿಟ್ಟು. ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಬಯಲು, ಬಯಲಿನ ಸುತ್ತ ಮನೆಗಳು ಎಂದಿಟ್ಟುಕೊಳ್ಳಿ, ಸಾಕು. ಬಯಲಿನ ಹುಲ್ಲು ಗಿಡ್ಡ, ದಟ್ಟ. ವರ್ಷದ ಎಲ್ಲ ದಿನವೂ ಅದರ ಮೇಲೆ ಇಬ್ಬನಿ ಬೀಳುತ್ತಿತ್ತು, ಬೇಸಿಗೆಯಲ್ಲೂ. ಅದೇಕೆ ಎಂದು ಆ ಊರಿನವರೇ ಕೇಳಿಕೊಂಡವರಲ್ಲ, ನಾವೂ ಕೇಳುವುದು ಬೇಡ.

ಬೆಳಕು ಹರಿಯುವ ಹೊತ್ತಿಗೆ ಮನೆಗೊಬ್ಬರಂತೆ ಬಂದು ಬಯಲಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ನಿಂತು ಒಂದು ಆಟ ಆಡುತ್ತಿದ್ದರು. ಆಟ ಎಂದರೆ ಓಡುವುದಲ್ಲ, ಹಾರುವುದಲ್ಲ. ಕೈ ಎತ್ತುವುದು, ಕೈ ಇಳಿಸುವುದು, ಮೈಯ ಭಾರವನ್ನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಸುರಿಯುವುದು, ಅದೂ ತುಂಬಿದ ಕೊಡ ಹೊತ್ತವರ ಹಾಗೆ, ತುಳುಕಬಾರದು. ಹಿಂದೆ ಯಾವಾಗಲೋ ಪೂರ್ವದ ದೂರದೇಶದಿಂದ ರೇಷ್ಮೆ ಮಾರಲು ಬಂದವನೊಬ್ಬ ಕಲಿಸಿ ಹೋದದ್ದಂತೆ; ಅವನ ದೇಶದಲ್ಲಿ ಅದನ್ನು ತಾಯ್ ಚೀ ಎನ್ನುತ್ತಿದ್ದರಂತೆ. ಇಲ್ಲಿಯವರ ಬಾಯಲ್ಲಿ ಅದು ಬರೀ ನಿಧಾನ. ನಿಧಾನಕ್ಕೆ ಹೋಗಿದ್ದಾರೆ, ನಿಧಾನ ಮುಗಿಸಿ ಬಂದರು, ಹೀಗೆ. ಅದರ ಒಂದೊಂದು ವರಸೆಗೂ ಒಂದೊಂದು ಹೆಸರಿತ್ತು. ಹಕ್ಕಿಬಾಲ ಹಿಡಿಯುವುದು, ಕುದುರೆಯ ಜೂಲು ಸವರುವುದು, ಮೋಡ ಸರಿಸುವುದು, ಒಂಟಿಕಾಲ ಕೋಳಿ, ಗಾಳಿ ತಳ್ಳುವುದು, ಕೊನೆಗೆ ಬಾಗಿಲು ಮುಚ್ಚುವುದು. ಬಾಗಿಲು ಮುಚ್ಚಿದ ಮೇಲೆ ಎಲ್ಲರೂ ತಂತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಸಾಲುಗಳ ಮುಂದೆ ಒಬ್ಬ ಮುದುಕರು ಎಲ್ಲರಿಗೂ ಬೆನ್ನು ಹಾಕಿ, ಗುಡ್ಡಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ಮುಂದಿನಜ್ಜ ಎಂದೇ ಅವರ ಹೆಸರು. ಅವರು ಬಯಲಲ್ಲಿ ಹಿಂತಿರುಗಿ ನೋಡಿದ್ದನ್ನು ಕಂಡವರಿಲ್ಲ. ಕಲಿಯುವವರು ಅವರ ಬೆನ್ನು ನೋಡಿ ಕಲಿಯಬೇಕು. ಹಿಂದಿನ ಸಾಲಿನವರು ಮುಂದಿನ ಸಾಲಿನವರ ಬೆನ್ನು ನೋಡಬೇಕು. ಹಾಗಾಗಿ ಆ ಊರಿನವರಿಗೆ ಒಬ್ಬರ ಬೆನ್ನು ಇನ್ನೊಬ್ಬರಿಗೆ ಚೆನ್ನಾಗಿ ಪರಿಚಯ.

ಈಗ ಆ ಊರಿನ ಕಟ್ಟಳೆ ಹೇಳುತ್ತೇನೆ, ಗಮನವಿಟ್ಟು ಕೇಳಿ. ಯಾರಾದರೂ ತೀರಿಕೊಂಡರೆ ಸಾಲಿನಲ್ಲಿ ಅವರ ಜಾಗವನ್ನು ಖಾಲಿ ಬಿಡುತ್ತಿದ್ದರು. ಖಾಲಿ ಎಂದರೆ ನಮ್ಮ ಕಣ್ಣಿಗೆ ಖಾಲಿ. ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆಯೇ ಆ ಜಾಗದ ಇಬ್ಬನಿಯ ಮೇಲೆ ಹೆಜ್ಜೆ ಮೂಡುತ್ತಿತ್ತು. ಮೊದಲು ಎರಡು ಪಾದ ಜೋಡಿಯಾಗಿ, ಆಮೇಲೆ ಎಡಪಾದ ಸ್ವಲ್ಪ ಆಚೆ, ಆಮೇಲೆ ಬಲಪಾದ ಮುಂದೆ. ಸತ್ತವರು ಬಂದು ತಮ್ಮ ನಿಧಾನ ತಾವು ಮಾಡುತ್ತಿದ್ದರು. ಮಾಡದೆ ಬಿಡುವ ಹಾಗಿಲ್ಲ. ಮನೆಯವರೊಬ್ಬರು ಕಲಿತು ಬಂದು, ಆ ಹೆಜ್ಜೆಗಳ ಮೇಲೇ ಹೆಜ್ಜೆಯಿಟ್ಟು, ಮೊದಲಿಂದ ಕೊನೆಯವರೆಗೆ ತಪ್ಪಿಲ್ಲದೆ ಮಾಡಿ ಮುಗಿಸಿದ ದಿನ ಅವರಿಗೆ ಬಿಡುಗಡೆ. ಇದಕ್ಕೆ ಕೈ ಬಿಡಿಸುವುದು ಎನ್ನುತ್ತಿದ್ದರು. ಅಲ್ಲಿಯವರೆಗೆ, ಪಾಪ, ಮಳೆಯಿರಲಿ ಚಳಿಯಿರಲಿ ಬಂದು ನಿಲ್ಲಬೇಕು.

ಹೀಗಾಗಿ ಆ ಊರಲ್ಲಿ ಅಳುತ್ತಾ ಕೂರುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ಕಣ್ಣೊರೆಸಿಕೊಂಡು ಕಲಿಯಲು ಹೊರಡಬೇಕು. ಹಿಂದೆ ಮುಂದೆ ಯಾರೂ ಇಲ್ಲದವರು ಸತ್ತರೆ ಮಾತ್ರ ಕಷ್ಟ. ಅವರ ಜಾಗದ ಹುಲ್ಲು ಸವೆದು ಸವೆದು ಬೋಳಾಗುತ್ತಿತ್ತು. ಅಂಥ ಬೋಳು ಜಾಗಗಳು ಬಯಲಲ್ಲಿ ಅಲ್ಲೊಂದು ಇಲ್ಲೊಂದು ಇದ್ದವು. ಹುಲ್ಲಿಲ್ಲದ ಕಡೆ ಇಬ್ಬನಿ ನಿಲ್ಲುವುದಿಲ್ಲ, ಇಬ್ಬನಿ ಇಲ್ಲದ ಕಡೆ ಹೆಜ್ಜೆ ಕಾಣುವುದಿಲ್ಲ. ಅಲ್ಲಿ ಇನ್ನೂ ಯಾರಾದರೂ ಕಷ್ಟಪಡುತ್ತಿದ್ದಾರೋ ಇಲ್ಲವೋ ಹೇಳಬಲ್ಲವರಿರಲಿಲ್ಲ. ಜನ ಬಳಸಿಕೊಂಡು ಓಡಾಡುತ್ತಿದ್ದರು.

ಆ ಊರಿನ ಸಂತೆಕಟ್ಟೆಯಲ್ಲಿ ತಕ್ಕಡಿ ಹಿಡಿಯುವವನೊಬ್ಬನಿದ್ದ. ಅವನ ಹೆಂಡತಿ ದೀಪದ ಬತ್ತಿ ಹೊಸೆಯುವವಳು. ಊರಿಗೆಲ್ಲ ಅವನು ತಕ್ಕಡಿಯವನು, ಅವಳು ಬತ್ತಿಯವಳು. ಮಕ್ಕಳಾಗಲಿಲ್ಲ. ಬತ್ತಿಯವಳ ಕೈ ಬಲು ಚುರುಕು, ಹಿಂಜಿದ ಹತ್ತಿ ಬೆರಳಿಗೆ ಸಿಕ್ಕಿತು ಎನ್ನುವಷ್ಟರಲ್ಲಿ ಬತ್ತಿಯಾಗಿ ಬುಟ್ಟಿಗೆ ಬಿದ್ದಿರುತ್ತಿತ್ತು. ಗಂಡ ತದ್ವಿರುದ್ಧ. ತಕ್ಕಡಿಯ ಮುಳ್ಳು ಅಲುಗಾಡುವುದು ನಿಲ್ಲುವವರೆಗೂ ಉಸಿರು ಬಿಡದ ಆಸಾಮಿ. ಉಣ್ಣುವಾಗ ಅವಳು ಎದ್ದು ಕೈ ತೊಳೆದು ಬಂದರೂ ಅವನು ಇನ್ನೂ ಮೊದಲ ಅನ್ನಕ್ಕೆ ಸಾರು ಕಲೆಸುತ್ತಿರುತ್ತಿದ್ದ. ಅವಳು ಬೈಯುತ್ತಿದ್ದಳು, ಅವನು ನಗುತ್ತಿದ್ದ. ಬದುಕು ಹಾಗೆ ಸುಖವಾಗಿಯೇ ನಡೆದಿತ್ತು.

ಬೆಳಿಗ್ಗೆ ಬಯಲಿಗೆ ಹೋಗುವುದು ಅವನ ಪಾಲು. ಸಂಜೆ ಅಂಗಳದಲ್ಲಿ ಇನ್ನೊಂದು ಸಲ ನಿಧಾನ ಮಾಡುವುದು ಅವನ ಖುಷಿ. ಅವಳು ಜಗಲಿಯ ಮೇಲೆ ಮಣೆ ಹಾಕಿಕೊಂಡು ಬತ್ತಿ ಹೊಸೆಯುತ್ತಿದ್ದಳು, ಅವನು ಅವಳಿಗೇ ಮುಖ ಮಾಡಿ ನಿಲ್ಲುತ್ತಿದ್ದ. ಊರಲ್ಲಿ ಬೇರೆ ಯಾರೂ ಹೀಗೆ ಮಾಡುತ್ತಿರಲಿಲ್ಲ. ಮನೆಯಲ್ಲಿ ಮಾಡುವವರೂ ಗುಡ್ಡದ ಕಡೆಗೇ ತಿರುಗುತ್ತಿದ್ದರು. ಬಯಲಲ್ಲಿ ದಿನಾ ಮುದುಕರ ಬೆನ್ನು ನೋಡುತ್ತೇನೆ, ಮನೆಯಲ್ಲಾದರೂ ಒಂದು ಮುಖ ಬೇಡವೇ ಎಂದು ಇವನ ತಕರಾರು. ಒಮ್ಮೆ ಮೂಟೆ ಮೇಲೆ ಬಿದ್ದು ಅವನ ಎಡ ಮೊಣಕಾಲಿಗೆ ಪೆಟ್ಟಾಗಿತ್ತು. ಒಂಟಿಕಾಲ ಕೋಳಿಯಲ್ಲಿ ಎಡಗಾಲ ಮೇಲೆ ನಿಂತು ಬಲಗಾಲು ಎತ್ತುವಾಗ ಹಲ್ಲು ಕಚ್ಚುತ್ತಿದ್ದ. ಅವಳು ಬೇಡ ಬಿಡಿ ಎಂದರೆ ಕೇಳುತ್ತಿರಲಿಲ್ಲ.

"ನಿನ್ನ ಮುಖ ನೋಡ್ತಾ ಮಾಡಿದ್ರೆ ಅರ್ಧ ನೋವು ಕಣೆ," ಎನ್ನುತ್ತಿದ್ದ.

ಉಳಿದರ್ಧಕ್ಕೆ ಅವಳು ಮಲಗುವ ಮುಂಚೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು.

ಚಳಿ ಶುರುವಾದಾಗ ತಕ್ಕಡಿಯವನಿಗೆ ಜ್ವರ ಬಂತು. ಎಲ್ಲವನ್ನೂ ನಿಧಾನ ಮಾಡುತ್ತಿದ್ದವನು ಸಾಯುವುದನ್ನು ಮಾತ್ರ ಬೇಗ ಮುಗಿಸಿಬಿಟ್ಟ. ಮಣ್ಣು ಮಾಡಿ ಬಂದ ಮರುದಿನ ಬಯಲಲ್ಲಿ ಅವನ ಜಾಗದ ಇಬ್ಬನಿಯ ಮೇಲೆ ಅಗಲ ಪಾದಗಳ ಹೆಜ್ಜೆ ಮೂಡಿತು. ಪಕ್ಕದ ಜಾಗದಲ್ಲಿ ನಿಲ್ಲುವ ಕುಂಬಾರಗಿತ್ತಿ ಬಂದು ಹೇಳಿದಳು. ಕುಂಬಾರಗಿತ್ತಿ ತನ್ನ ತಾಯಿಯ ಕೈ ಬಿಡಿಸಿ ಆ ಜಾಗಕ್ಕೆ ಬಂದವಳು, ಬತ್ತಿಯವಳಿಗಿಂತ ಹಿರಿಯಳು, ಬಾಯಿ ಜೋರು, ಮನಸ್ಸು ಮೆತ್ತಗೆ. ನಿನ್ನ ಬಿಟ್ಟರೆ ಅವನಿಗೆ ಯಾರೂ ಇಲ್ಲ ಕಣೇ, ಬೇಗ ಕಲಿ ಎಂದಳು. ಬತ್ತಿಯವಳು ಮಾರನೆಯ ದಿನವೇ ಸೆರಗು ಸಿಕ್ಕಿಸಿಕೊಂಡು ಹೊರಟಳು.

ಹೊಸಬರು ತಮ್ಮವರ ಖಾಲಿ ಜಾಗದ ಹಿಂದೆ ಒಂದು ಹೆಜ್ಜೆ ಬಿಟ್ಟು ನಿಲ್ಲಬೇಕು. ಅವಳು ನಿಂತಳು. ಅವಳ ಕಣ್ಣೆದುರಿಗೇ ಹುಲ್ಲು ತಗ್ಗಿತು, ಇಬ್ಬನಿ ಒಡೆಯಿತು, ಎರಡು ಪಾದ ಜೋಡಿಯಾಗಿ ಮೂಡಿದವು. ಹೆಬ್ಬೆರಳು ಆಚೆಗೆ ತಿರುಗಿದ ಪಾದಗಳು, ಅವಳಿಗೆ ಗುರುತು ಸಿಗದೆ ಇರುತ್ತದೆಯೇ. ಅಯ್ಯೋ, ಇಷ್ಟು ಚಳಿಯಲ್ಲಿ ಬರಿಗಾಲಲ್ಲಿ ಬಂದಿದ್ದಾರಲ್ಲ ಎಂದುಕೊಂಡಳು. ಅಷ್ಟರಲ್ಲಿ ಮುಂದಿನಜ್ಜ ಕೈ ಎತ್ತಿದರು, ಎಲ್ಲರೂ ಎತ್ತಿದರು.

ನಿಧಾನ ಅಂದರೆ ಸುಲಭ ಎಂದುಕೊಂಡಿದ್ದವಳಿಗೆ ಅವತ್ತು ಗೊತ್ತಾಯಿತು ಅದರ ಹಣೆಬರಹ. ಕೈ ಎತ್ತಿದರೆ ಹೆಗಲೂ ಜೊತೆಗೆ ಏರುತ್ತದೆ. ಹೆಗಲು ಇಳಿಸಿದರೆ ಉಸಿರು ಮರೆಯುತ್ತದೆ. ಉಸಿರಿನ ಕಡೆ ನೋಡಿದರೆ ಕಾಲು ಎಲ್ಲಿದೆಯೋ ತಿಳಿಯದು. ಊರಿಗೆಲ್ಲ ಬತ್ತಿ ಹೊಸೆದು ಕೊಟ್ಟ ಕೈ, ಗಾಳಿಯಲ್ಲಿ ಹಿಡಿಯಲು ಏನೂ ಇಲ್ಲದೆ ತಡಕಾಡಿತು. ತೊಡೆ ಉರಿಯಿತು. ಆದರೆ ಇದು ಹೊಸಬರಿಗೆಲ್ಲ ಆಗುವುದೇ. ಅವಳಿಗೆ ಆದದ್ದು ಇನ್ನೊಂದಿತ್ತು. ಎಲ್ಲರ ಕೈ ಬಲಕ್ಕೆ ಹೋದಾಗ ಅವಳ ಕೈ ಎಡಕ್ಕೆ ಹೋಗುತ್ತಿತ್ತು. ಎಲ್ಲರೂ ಎಡಕ್ಕೆ ಹೊರಳಿದಾಗ ಅವಳು ಬಲಕ್ಕೆ ಹೊರಳಿ ಕುಂಬಾರಗಿತ್ತಿಯ ಮೊಣಕೈಗೆ ಡಿಕ್ಕಿ ಹೊಡೆಯುತ್ತಿದ್ದಳು. ಮೊದಲ ದಿನ ಜನ ನಕ್ಕರು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಸೋಜಿಗವೆಂದರೆ, ಅವಳಿಗೆ ಮುಂದೇನು ಎಂದು ಯಾರೂ ಹೇಳಿಕೊಡಬೇಕಾಗುತ್ತಿರಲಿಲ್ಲ. ಜೂಲು ಆದ ಮೇಲೆ ಮೋಡ, ಮೋಡ ಆದ ಮೇಲೆ ಕೋಳಿ, ಎಲ್ಲ ತಾನಾಗಿ ಬರುತ್ತಿತ್ತು, ಬರೀ ತಿರುಗಿಸಿಕೊಂಡು ಬರುತ್ತಿತ್ತು.

ಒಂದು ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಮುಂದಿನಜ್ಜ ಅವಳನ್ನು ನಿಲ್ಲಿಸಿಕೊಂಡರು. ಗುಡ್ಡದ ಕಡೆ ನೋಡುತ್ತಲೇ, ಯಾರ ಹತ್ತಿರ ಕಲಿತೆ ಎಂದು ಕೇಳಿದರು. ಯಾರ ಹತ್ತಿರವೂ ಇಲ್ಲ, ಅವರು ಅಂಗಳದಲ್ಲಿ ಮಾಡುವಾಗ ಎದುರಿಗೆ ಕೂತಿರುತ್ತಿದ್ದೆ ಅಷ್ಟೇ ಎಂದಳು ಬತ್ತಿಯವಳು. ಆ ಊರಲ್ಲಿ ಬೆನ್ನಿಂದ ಕಲಿತವರು ಬೇಕಾದಷ್ಟು ಮಂದಿ, ಮುಖದಿಂದ ಕಲಿತವರನ್ನು ಅಜ್ಜ ಕಂಡಿರಲಿಲ್ಲ. ಗಂಡ ಬಲಗೈ ಎತ್ತಿದಾಗ ಅದರ ನೇರಕ್ಕೆ ಇದ್ದದ್ದು ಇವಳ ಎಡಗೈ. ಇವಳು ಬತ್ತಿ ಹೊಸೆಯುತ್ತಾ ಕೂತಿದ್ದರೂ ಮೈ ಮಾತ್ರ ಅಷ್ಟು ವರ್ಷದಿಂದ ಅವನ ಜೊತೆ ಆಡುತ್ತಲೇ ಇತ್ತು.

"ನಿನ್ನಲ್ಲಿ ಎಲ್ಲ ಇದೆ ತಾಯಿ, ಒಂದೂ ಬಿಟ್ಟಿಲ್ಲ," ಎಂದರು ಅಜ್ಜ. "ಆದರೆ ತಿರುಗಿಸಿ ಇದೆ. ಅವನ ಹೆಜ್ಜೆ ಮೇಲೆ ನಿಂತು ಅದನ್ನ ಮಾಡಕ್ಕಾಗಲ್ಲ. ಅದನ್ನ ತೆಗೆದು ಇದನ್ನ ಹಾಕ್ಬೇಕು."

ಎರಡೂ ಇರಲಿ ಅಜ್ಜಾ ಎಂದು ಅವಳು ಕೇಳಿಕೊಂಡಳು.

"ಒಂದು ಮೈಯಲ್ಲಿ ಎರಡು ನಿಲ್ಲಲ್ಲ. ಇದು ಬಂದ ಹಾಗೆ ಅದು ಹೋಗುತ್ತೆ. ಹೋಗಿದ್ದು ಮತ್ತೆ ಬರಲ್ಲ."

ಅವಳು ಮನೆಗೆ ಬಂದು ಹತ್ತಿ ಮುಂದಿಟ್ಟುಕೊಂಡು ಕೂತಳು, ಒಂದು ಬತ್ತಿಯೂ ಆಗಲಿಲ್ಲ. ಸಂಜೆ ಎದ್ದು ಜಗಲಿಯ ಅಂಚಿನಲ್ಲಿ ಅಂಗಳಕ್ಕೆ ಮುಖ ಮಾಡಿ ನಿಂತಳು. ಮೈ ತನಗೆ ಗೊತ್ತಿದ್ದುದನ್ನು ಮಾಡಿತು, ಯಾರೂ ನಗಲಿಲ್ಲ, ಯಾರ ಮೊಣಕೈಯೂ ತಾಗಲಿಲ್ಲ. ಹಕ್ಕಿಬಾಲ ಎಡಗೈಯಲ್ಲಿ ಬಂತು. ಮೋಡ ಎಡಕ್ಕೆ ಸರಿಯಿತು. ಗಾಳಿ ತಳ್ಳುವಾಗ ಎರಡು ಅಂಗೈಗಳನ್ನೂ ಮುಂದೆ ಚಾಚಿದಳು, ಅಲ್ಲಿ ಅಂಗೈಗೆ ಅಂಗೈ ತಾಗಿದಷ್ಟು ಬೆಚ್ಚಗಿತ್ತು. ಅವಳು ಹಿಂದಕ್ಕೆ ವಾಲಿದರೆ ಅದು ಹಿಂಬಾಲಿಸಿತು, ಮುಂದಕ್ಕೆ ತಳ್ಳಿದರೆ ಅಷ್ಟೇ ಹಿಂದೆ ಸರಿಯಿತು. ಅವನು ಅಲ್ಲಿದ್ದನೋ ಇಲ್ಲವೋ ನಾನು ನೋಡಿದವನಲ್ಲ. ಅವಳ ಮಟ್ಟಿಗೆ ಇದ್ದ.

ಅವತ್ತೇ ಅವಳು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಕೊಂಡಳು. ಸರಿಯಾಗಿ ಕಲಿತರೆ ಅವನ ಜಾಗದಲ್ಲಿ ನಿಲ್ಲಬೇಕು. ಅವನ ಜಾಗದಲ್ಲಿ ನಿಂತರೆ ಅವನು ಎದುರಿಗೆ ಇರುವುದಿಲ್ಲ. ಕಲಿಯದಿದ್ದರೆ ಬೆಳಿಗ್ಗೆ ಹೆಜ್ಜೆ ಕಾಣಬಹುದು, ಸಂಜೆ ಅಂಗೈ ಸಿಗುತ್ತದೆ. ಯಾರು ತಾನೇ ಬೇರೇನು ಆರಿಸಿಕೊಂಡಾರು? ಅವಳು ಕಲಿಯದೆ ಇರುವುದನ್ನು ಆರಿಸಿಕೊಂಡಳು.

ಕಲಿಯದೆ ಇರುವುದೂ ಒಂದು ಕೆಲಸವೇ. ದಿನಾ ಬೆಳಿಗ್ಗೆ ಹೋಗಬೇಕು, ದಿನಾ ತಪ್ಪಬೇಕು, ದಿನಾ ಪೆಚ್ಚು ಮುಖ ಮಾಡಬೇಕು. ಜನ ಮೊದಮೊದಲು ಪಾಪ ಎಂದರು, ಆಮೇಲೆ ದಡ್ಡಿ ಎಂದರು, ಆಮೇಲೆ ಏನೂ ಅನ್ನುವುದನ್ನೇ ಬಿಟ್ಟರು. ಅವಳ ನಂತರ ಕಲಿಯಲು ಬಂದ ಸುಣ್ಣ ಸುಡುವವನು ತನ್ನಣ್ಣನ ಕೈ ಬಿಡಿಸಿ ಆ ಜಾಗದಲ್ಲಿ ನಿಂತದ್ದೂ ಆಯಿತು. ಅವಳು ಮಾತ್ರ ಖಾಲಿ ಜಾಗದ ಹಿಂದೆ ಒಂದು ಹೆಜ್ಜೆ ಬಿಟ್ಟು ನಿಂತೇ ಇದ್ದಳು. ಹೆಜ್ಜೆ ಮೂಡುವಾಗ ಅವಳ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಬಂದಿರಾ ಎಂದು ಬಾಯೊಳಗೇ ಕೇಳುತ್ತಿದ್ದಳು. ಚಳಿ ಹೋಗಿ ಬಿಸಿಲು ಬಂತು, ಬಿಸಿಲು ಹೋಗಿ ಮಳೆ ಬಂತು. ಅವಳಿಗೆ ಇದು ಹೀಗೇ ಇದ್ದುಬಿಡಲಿ ಅನ್ನಿಸಿತ್ತು.

ಆದರೆ ಮಳೆಗಾಲದ ಒಂದು ಬೆಳಿಗ್ಗೆ, ಮಳೆ ನಿಂತು ಹೊಳವಾಗಿ ಇಬ್ಬನಿ ಬಿದ್ದಿದ್ದಾಗ, ಒಂಟಿಕಾಲ ಕೋಳಿಯ ಹೊತ್ತಿಗೆ ಅವಳು ನೋಡಿದಳು. ಎಡಪಾದದ ಗುರುತು ಒಂದೇ ಇತ್ತು, ಅದು ಪಕ್ಕಕ್ಕೆ ಜಾರಿತು. ಇಬ್ಬನಿಯ ಮೇಲೆ ಬೆರಳಷ್ಟು ಉದ್ದ ಒರೆಸಿದ ಹಾಗೆ ಗೀರು. ಹುಲ್ಲು ಒದ್ದೆ, ಜಾರಿರಬೇಕು ಎಂದುಕೊಂಡಳು. ಕೆಲವು ದಿನ ಕಳೆದು ಗೀರು ಗೇಣುದ್ದವಾಯಿತು. ಅವನ ಜಾಗದ ಹುಲ್ಲು ನಡುನಡುವೆ ಹಳದಿಯಾಗಿ ತೆಳ್ಳಗಾಗುತ್ತಿತ್ತು. ಅವಳು ಅದನ್ನು ನೋಡದೆ ಇರಲು ಅಜ್ಜನ ಬೆನ್ನು ನೋಡಿದಳು. ಸಂಜೆ ಅಂಗಳದ ಎದುರು ನಿಂತಾಗ ಅಂಗೈ ಎಂದಿನಂತೆ ಬೆಚ್ಚಗಿತ್ತು, ಅವಳು ಏನೂ ಕೇಳಲಿಲ್ಲ.

ಮತ್ತೊಂದು ಬೆಳಿಗ್ಗೆ ಎಡಪಾದ ಜಾರಿತು, ಜಾರಿದ ಗೀರಿನ ಕೊನೆಗೆ ಒಂದು ಅಂಗೈ ಮೂಡಿತು. ಹುಲ್ಲಿನ ಮೇಲೆ ಊರಿದ ಅಂಗೈ, ಐದು ಬೆರಳೂ ಅಗಲಿಸಿ, ಕಿರುಬೆರಳು ಅವನದರ ಹಾಗೇ ಸೊಟ್ಟ. ಬಿದ್ದವರು ಏಳಲು ಊರುವ ಕೈ ಅದು. ಪಕ್ಕದಲ್ಲಿ ಮೊಣಕಾಲಿನ ದುಂಡು ಗುರುತು. ಎಲ್ಲರೂ ಒಂಟಿಕಾಲ ಮೇಲೆ ನಿಂತಿದ್ದರು, ಯಾರೂ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಎಡಪಾದ ಮತ್ತೆ ಮೂಡಿತು, ಗುರುತು ಆಳವಾಗಿ ಕೂತಿತ್ತು, ಭಾರವೆಲ್ಲ ಅದರ ಮೇಲೇ ಹಾಕಿ ಎದ್ದಿರಬೇಕು. ಅವನು ಬಿಟ್ಟಲ್ಲಿಂದ ಮುಂದುವರಿಸಿದ. ಬತ್ತಿಯವಳು ಎತ್ತಿದ ಕೈ ಇಳಿಸಲು ಮರೆತು ಹಾಗೇ ನಿಂತುಬಿಟ್ಟಳು.

ಬಾಗಿಲು ಮುಚ್ಚಿದ ಮೇಲೆ ಕುಂಬಾರಗಿತ್ತಿ ಹೋಗಲಿಲ್ಲ. ಅವಳೂ ನೋಡಿದ್ದಳು, ಪಕ್ಕದಲ್ಲೇ ನಿಲ್ಲುವವಳಲ್ಲವೇ. ಜೋರು ಬಾಯಿಯವಳು ಅವತ್ತು ಮೆಲ್ಲಗೆ ಮಾತಾಡಿದಳು. ನೀನು ದಡ್ಡಿ ಅಲ್ಲ ಅಂತ ನನಗೆ ಮೊದಲಿಂದ ಗೊತ್ತು, ನಿನ್ನ ಮೊಣಕೈ ದಿನಾ ಅದೇ ವರಸೆಗೆ ಅದೇ ಕಡೆ ತಾಗುತ್ತೆ, ಅಷ್ಟು ಸರಿಯಾಗಿ ತಪ್ಪು ಮಾಡುವವರು ಯಾರಿದ್ದಾರೆ ಎಂದಳು. ಬತ್ತಿಯವಳು ಆಗ ಎಲ್ಲ ಹೇಳಿಕೊಂಡಳು, ಅಂಗಳದ ಸಂಗತಿ, ಬೆಚ್ಚಗಿನ ಅಂಗೈಯ ಸಂಗತಿ.

"ಅವರು ಹೋದ್ರೆ ನಂಗೆ ಏನೂ ಇರಲ್ಲ ಅಕ್ಕಾ," ಎಂದಳು.

"ಗೊತ್ತು ಕಣೇ," ಎಂದಳು ಕುಂಬಾರಗಿತ್ತಿ. "ನಮ್ಮಮ್ಮ ಹೋದಾಗ ನಂಗೂ ಏನೂ ಇರಲಿಲ್ಲ. ಆದ್ರೆ ನಿನ್ನ ಗಂಡನಿಗೆ ಮೊಣಕಾಲು ನೋವು. ದಿನಾ ಎಬ್ಬಿಸ್ತಾ ಇದ್ದೀಯ ನೀನು."

ಮಲಗಿದ್ದವನನ್ನು ಎಬ್ಬಿಸುತ್ತಿದ್ದೇನೆ ಎಂದು ಅವಳು ಒಂದು ದಿನವೂ ಅಂದುಕೊಂಡಿರಲಿಲ್ಲ. ಬರುತ್ತಿದ್ದಾರೆ, ನನಗಾಗಿ ಬರುತ್ತಿದ್ದಾರೆ ಎಂದೇ ತಿಳಿದಿದ್ದಳು. ಬಯಲಿನಿಂದ ಮನೆಯವರೆಗೆ ಅತ್ತುಕೊಂಡು ಬಂದಳು, ದಾರಿಯಲ್ಲಿ ಸಿಕ್ಕವರು ಪಕ್ಕಕ್ಕೆ ಸರಿದು ನಿಂತರು.

ಅವತ್ತು ಸಂಜೆ ಕೊನೆಯ ಸಲ ಜಗಲಿಯ ಅಂಚಿಗೆ ನಿಂತಳು. ಹಕ್ಕಿಬಾಲ ಹಿಡಿದಳು, ಜೂಲು ಸವರಿದಳು, ಮೋಡ ಸರಿಸಿದಳು. ಅವಸರ ಮಾಡಲಿಲ್ಲ. ಗಾಳಿ ತಳ್ಳುವಾಗ ಚಾಚಿದ ಅಂಗೈಗಳನ್ನು ಹಿಂದಕ್ಕೆ ಎಳೆದುಕೊಳ್ಳದೆ ಹಾಗೇ ಹಿಡಿದಿದ್ದಳು, ತೋಳು ಸೋಲುವವರೆಗೂ.

"ನಾಳೆಯಿಂದ ನಾನೇ ಹೋಗ್ತೀನಿ," ಎಂದಳು. "ನೀವು ಮಲಕ್ಕೊಳ್ಳಿ."

ಮರುದಿನ ಒಂದು ಉದ್ದ ಬತ್ತಿ ಹೊಸೆದು ಬಲಗೈ ಮಣಿಕಟ್ಟಿಗೆ ಕಟ್ಟಿಕೊಂಡಳು. ಎಡಗೈ ಏಳಲು ಹೊರಟಾಗಲೆಲ್ಲ ಬಿಳಿ ಬತ್ತಿ ನೋಡಿ ಬಲಗೈ ಎತ್ತುವುದು. ನಿಜವಾಗಿ ಕಲಿಯಲು ಹೊರಟವಳ ಕಷ್ಟ ಈಗ ಶುರುವಾಯಿತು ನೋಡಿ. ಬಾರದವರಿಗೆ ಬರಿಸುವುದು ಸುಲಭ, ಬಂದದ್ದನ್ನು ತೆಗೆಯುವುದು ಪೀಕಲಾಟ. ಮೈ ಹಟ ಹಿಡಿಯಿತು. ಅಜ್ಜ ಹಿಂತಿರುಗದೆಯೇ ಎಲ್ಲ ಇನ್ನಷ್ಟು ಮೆಲ್ಲಗೆ ಮಾಡತೊಡಗಿದರು, ಊರೇ ಅವಳಿಗಾಗಿ ಮೆಲ್ಲಗಾಯಿತು. ಸಂಜೆ ಅವಳು ಅಂಗಳಕ್ಕೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಮಣೆ ಹಾಕಿಕೊಂಡು ಬತ್ತಿ ಹೊಸೆದಳು. ಹಿಂದೆ ತಿರುಗಲಿಲ್ಲ.

ಒಂದು ಬೆಳಿಗ್ಗೆ ಹಕ್ಕಿಬಾಲ ಬಲಗೈಗೆ ಬಂತು. ಅವತ್ತು ಸಂಜೆ ಗೋಡೆಯ ಮುಂದೆ ಕೂತು ಅಂಗಳದಲ್ಲಿ ಅವನು ಹಕ್ಕಿಬಾಲ ಹಿಡಿಯುತ್ತಿದ್ದುದನ್ನು ನೆನೆದಳು, ಚಿತ್ರ ಮಸುಕಾಗಿತ್ತು. ಇನ್ನೊಂದು ಬೆಳಿಗ್ಗೆ ಜೂಲು ಬಂತು, ಅವತ್ತು ಸಂಜೆ ಅವನ ಜೂಲು ಹೋಯಿತು. ಮೋಡ ಬಂತು, ಅವನ ಮೋಡ ಹೋಯಿತು. ಕೋಳಿ ಬಂತು, ಹಲ್ಲು ಕಚ್ಚಿ ಒಂಟಿಕಾಲ ಮೇಲೆ ನಿಂತು ಇವಳನ್ನೇ ನೋಡುತ್ತಿದ್ದ ಮುಖ ಹೋಯಿತು. ಒಂದೊಂದನ್ನೂ ಅವಳು ಗೊತ್ತಿದ್ದೇ ಕೊಟ್ಟಳು. ಗಾಳಿ ತಳ್ಳುವುದನ್ನು ಮಾತ್ರ ಕೊನೆಗಿಟ್ಟುಕೊಂಡು ಎಷ್ಟೋ ದಿನ ಎಳೆದಾಡಿದಳು. ಎರಡು ಕೈಯೂ ಒಟ್ಟಿಗೆ ಮುಂದೆ ಹೋಗುವ ವರಸೆಯಲ್ಲಿ ಎಡಬಲದ ತಕರಾರು ಎಲ್ಲಿಂದ ಬಂತು ಎಂದು ಕುಂಬಾರಗಿತ್ತಿ ಕೇಳಬಹುದಿತ್ತು, ಕೇಳಲಿಲ್ಲ. ಬಯಲಲ್ಲಿ ಬೀಳುವುದು ನಿಂತಿರಲಿಲ್ಲ, ಅಂಗೈ ಗುರುತು ಒಂದಿದ್ದದ್ದು ಎರಡಾಗಿತ್ತು. ಅದನ್ನು ನೋಡಿದ ಬೆಳಿಗ್ಗೆ ಅವಳು ಗಾಳಿಯನ್ನೂ ಬಿಟ್ಟುಕೊಟ್ಟಳು.

ಆಮೇಲೆ ಅಜ್ಜ ಹೇಳಿ ಕಳಿಸಿದರು, ನಾಳೆ ನಿಲ್ಲಲಿ ಎಂದು.

ಅವತ್ತು ಇಬ್ಬನಿ ದಟ್ಟವಾಗಿತ್ತು. ಅವನ ಎರಡು ಪಾದ ಮೂಡುವವರೆಗೆ ಅವಳು ಕಾದಳು. ಮಣಿಕಟ್ಟಿನ ಬತ್ತಿ ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡಳು. ಯಾವತ್ತೂ ಇಡದ ಆ ಒಂದು ಹೆಜ್ಜೆ ಮುಂದಿಟ್ಟು ಅವನ ಪಾದದ ಗುರುತಿನೊಳಗೆ ತನ್ನ ಪಾದ ಇಟ್ಟಳು. ಗುರುತು ದೊಡ್ಡದು, ಇವಳ ಪಾದ ಚಿಕ್ಕದು, ಸುತ್ತ ಜಾಗ ಮಿಕ್ಕಿತು. ಅಜ್ಜ ಕೈ ಎತ್ತಿದರು. ಅವಳ ಬಲಗೈ ಎದ್ದಿತು.

ಮುಂದೆ ಹೆಜ್ಜೆ ಮೂಡುತ್ತಾ ಹೋಯಿತು, ಅವಳು ಅದರ ಮೇಲೆ ಇಡುತ್ತಾ ಹೋದಳು. ಹಕ್ಕಿಬಾಲ ಹಿಡಿದಳು, ಜೂಲು ಸವರಿದಳು, ಮೋಡ ಸರಿಸಿದಳು. ಒಂಟಿಕಾಲ ಕೋಳಿಗೆ ಎಡಪಾದ ಊರಿ ಬಲಗಾಲು ಎತ್ತಿದಳು. ಅಷ್ಟು ವರ್ಷ ಎದುರಿಂದ ಆಡಿದ ಅವಳ ಮೈ ಅವನ ಜೊತೆ ಬಲಗಾಲ ಮೇಲೆ ನಿಂತಿತ್ತೇ ಹೊರತು ಎಡಗಾಲ ಮೇಲೆ ನಿಂತಿರಲಿಲ್ಲ. ಎದುರಿಂದ ಅವಳಿಗೆ ಅವನ ಮುಖ ಕಂಡಿತ್ತು, ಈ ನೋವು ಕಂಡಿರಲಿಲ್ಲ. ಕಲಿಯುವಾಗ ಒಂದು ದಿನವೂ ಬಾರದ್ದು ಈಗ ಅವನ ಹೆಜ್ಜೆಯ ಮೇಲೆ ಬಂತು, ಎಡ ಮೊಣಕಾಲಿನ ಚಿಪ್ಪಿನ ಕೆಳಗೆ ಯಾರೋ ದಬ್ಬಣ ಚುಚ್ಚಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಇದನ್ನು ಇಟ್ಟುಕೊಂಡು ದಿನಾ ನಗುತ್ತಿದ್ದಿರಾ ಎಂದು ಮನಸ್ಸಿನಲ್ಲೇ ಕೇಳಿದಳು. ಪಾದ ಜಾರಲಿಲ್ಲ. ಕುಂಬಾರಗಿತ್ತಿ ಓರೆಗಣ್ಣಲ್ಲಿ ನೋಡಿ ಉಸಿರು ಬಿಟ್ಟಳು.

ಗಾಳಿ ತಳ್ಳಿದಳು. ಎದುರಿಗೆ ಮುಂದಿನ ಸಾಲಿನ ಬೆನ್ನುಗಳು, ಅದರಾಚೆ ಗುಡ್ಡ. ಅಂಗೈಗೆ ತಾಗಿದ್ದು ಬೆಳಗಿನ ಚಳಿ. ಕೈಗಳನ್ನು ಎದೆಗೆ ತಂದು, ಕೆಳಗಿಳಿಸಿ, ಬಾಗಿಲು ಮುಚ್ಚಿದಳು. ಆ ಊರಲ್ಲಿ ಕೈ ಬಿಡಿಸಿದವರಿಗೆ ಏನನ್ನೂ ಹೇಳುವ ರೂಢಿಯಿರಲಿಲ್ಲ.

ಮರುದಿನ ಅವಳು ಎಲ್ಲರಿಗಿಂತ ಮುಂಚೆ ಹೋದಳು. ಅವನ ಜಾಗದಲ್ಲಿ ಇಬ್ಬನಿ ಮುರಿಯದೆ ಇತ್ತು. ಬೆಳಕು ಬರುವವರೆಗೂ ಕಾದು ನೋಡಿದಳು, ಹುಲ್ಲು ತಗ್ಗಲಿಲ್ಲ. ಜನ ಬಂದು ಸಾಲಾದರು. ಅವಳು ಇಬ್ಬನಿ ತುಳಿದು ಹೋಗಿ ನಿಂತಳು, ಅಲ್ಲಿ ಅವಳ ಹೆಜ್ಜೆ ಮೂಡಿತು.

ಅವತ್ತು ಸಂಜೆ ಮಣೆಯನ್ನು ತಿರುಗಿಸಿ ಹಾಕಿ, ಎಷ್ಟೋ ದಿನದ ಮೇಲೆ ಅಂಗಳಕ್ಕೆ ಮುಖ ಮಾಡಿ ಕೂತಳು. ಅಜ್ಜ ಹೇಳಿದ್ದು ಮರೆತಿರಲಿಲ್ಲ. ಆದರೂ ಮನುಷ್ಯರಿಗೆ ಆಸೆ ಇರುತ್ತದಲ್ಲ, ಒಂದಾದರೂ ಉಳಿದಿದ್ದೀತು, ಯಾವುದೋ ಮೂಲೆಯಲ್ಲಿ ಒಂದು ಮೋಡವಾದರೂ ಇದ್ದೀತು ಎಂದು. ಹತ್ತಿಯ ಬುಟ್ಟಿ ಪಕ್ಕಕ್ಕಿಟ್ಟು ಎದ್ದಳು, ಜಗಲಿಯ ಅಂಚಿಗೆ ನಿಂತಳು, ಕಣ್ಣು ಮುಚ್ಚಿದಳು, ಕೈ ಎತ್ತಿದಳು. ಕೈ ಬಲಕ್ಕೆ ಹೋಯಿತು. ಇಳಿಸಿ ಮತ್ತೆ ಎತ್ತಿದಳು. ಬಲಕ್ಕೇ ಹೋಯಿತು. ಬೇಕೆಂದೇ ಎಡಗೈ ಎತ್ತಿ ನೋಡಿದಳು, ಅದು ಎತ್ತಿದ ಕೈ ಅಷ್ಟೇ, ಮುಂದೇನು ಎಂದು ಅದಕ್ಕೆ ತಿಳಿಯದೆ ಗಾಳಿಯಲ್ಲಿ ನಿಂತುಬಿಟ್ಟಿತು. ಎದುರಿಗೆ ಅಂಗಳವಿತ್ತು, ಅಂಗಳದಾಚೆ ಬೇಲಿಯಿತ್ತು. ಅವನು ಅಲ್ಲಿ ನಿಂತು ಯಾವ ಕೈ ಮೊದಲು ಎತ್ತುತ್ತಿದ್ದ ಎಂಬುದು ಅವಳಿಗೆ ನೆನಪಾಗಲಿಲ್ಲ. ಅವಳು ಜಗಲಿಯ ಮೇಲೆ ಕುಸಿದು ಕೂತು ಬಾಯಿ ತೆರೆದು ಅತ್ತಳು. ಆ ಊರಲ್ಲಿ ಯಾರೂ ಅಷ್ಟು ಹೊತ್ತು ಅತ್ತದ್ದಿಲ್ಲ.

ದೀಪ ಹಚ್ಚುವ ಹೊತ್ತಾಯಿತೆಂದು ಏಳಲು ಹೋದಾಗ ಎಡ ಮೊಣಕಾಲು ಚುಳ್ ಎಂದಿತು. ಹಿಂದಿನ ದಿನ ಬಯಲಲ್ಲಿ ಬಂದದ್ದು ಹೋಗಿರಲಿಲ್ಲ, ಚಿಪ್ಪಿನ ಕೆಳಗೆ, ಅದೇ ಜಾಗದಲ್ಲಿ, ಅವಳು ರಾತ್ರಿ ಎಣ್ಣೆ ತಿಕ್ಕುತ್ತಿದ್ದ ಅದೇ ಜಾಗದಲ್ಲಿ ಇತ್ತು. ಅವಳು ಅದರ ಮೇಲೆ ಅಂಗೈ ಇಟ್ಟುಕೊಂಡಳು. ಅಲ್ಲಿ ಬೆಚ್ಚಗಿತ್ತು.

ಅವಳು ಕುಂಟುವುದನ್ನು ನೋಡಿ ಕುಂಬಾರಗಿತ್ತಿ ಮಾರನೆಯ ದಿನ ಒಂದು ಪುಟ್ಟ ಕುಡಿಕೆಯಲ್ಲಿ ಹರಳೆಣ್ಣೆ ತಂದುಕೊಟ್ಟಳು, ಬಿಸಿ ಮಾಡಿ ತಿಕ್ಕಿಕೋ, ಒಂದು ವಾರದಲ್ಲಿ ಹೋಗಿಬಿಡುತ್ತದೆ ಎಂದಳು. ಬತ್ತಿಯವಳು ಆಗಲಿ ಅಕ್ಕಾ ಎಂದು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕುಂಬಾರಗಿತ್ತಿ ಹೋದ ಮೇಲೆ ಕುಡಿಕೆಯನ್ನು ದೀಪದ ಗೂಡಿನಲ್ಲಿಟ್ಟಳು. ಸಂಜೆ ಅದರಿಂದಲೇ ದೀಪಕ್ಕೆ ಎಣ್ಣೆ ಹಾಕಿದಳು, ಹೊಸ ಬತ್ತಿ ಹಾಕಿದಳು. ಕಾಲಿಗೆ ಹಚ್ಚಿಕೊಳ್ಳಲಿಲ್ಲ.